ಹಡಗಿಗೆ ಪಾದ್ರಿ ಯಾಕೆ ಬರಬೇಕು?

ನೇರನುಡಿ:
ಜುಲೈ ಎರಡನೇ ಭಾನುವಾರ ಕಥೋಲಿಕ ಚರ್ಚುಗಳಲ್ಲಿ ನಾವಿಕರ ಹೆಸರಲ್ಲಿ ಪ್ರಾರ್ಥನೆ, ಕಾಣಿಕೆ ಎಲ್ಲ ನಡೆಯುತ್ತೆ. ಬಂದರಿಗೆ ಬಂದ ಹಡಗು ಹತ್ತಿ ನಾವಿಕರನ್ನ ಮಾತಾಡಿಸಿ, ಸಿಮ್ ಕಾರ್ಡ್, ಓಡಾಟಕ್ಕೆ ವ್ಯಾನ್ ಒದಗಿಸೋ ಪಾದ್ರಿ, ಸ್ವಯಂಸೇವಕರ ಕೆಲಸಕ್ಕೆ ಈ ಕಾಣಿಕೆ. ಪ್ರಾರ್ಥನೆಗೆ ನನ್ನ ತಕರಾರಿಲ್ಲ. ಆದರೆ ನಾವಿಕನ ಯೋಗಕ್ಷೇಮ ಹಡಗಿನ ಮಾಲೀಕನ ಹೊಣೆ ತಾನೆ? ಅವನು ಕೈಬಿಟ್ಟಿದ್ದಕ್ಕೆ ಭಕ್ತರ ದುಡ್ಡಲ್ಲಿ ತೇಪೆ ಯಾಕೆ? ಇವತ್ತು ಸಿಮ್ ಕಾರ್ಡ್ ಕೊಟ್ಟವರು ನಾಳೆ ಜಪಮಾಲೆ ಕೊಡಲ್ಲ ಅಂತ ಏನು ಖಾತ್ರಿ?

ಥರ್ಡ್ ಇಂಜಿನಿಯರ್:
ನಾನು ಕ್ರಿಶ್ಚಿಯನ್ ಅಲ್ಲ, ಹಡಗಲ್ಲೇ ಹನ್ನೊಂದು ವರ್ಷ ಕಳೆದವನು. ಕಂಟೇನರ್ ಹಡಗು ಬಂದರಲ್ಲಿ ಒಂದು ದಿನ ನಿಂತರೆ ಹೆಚ್ಚು. ವಾಚ್, ಅಂದ್ರೆ ಪಾಳಿ, ಮುಗಿಸಿ ಇಳಿಯೋಣ ಅಂದ್ರೆ ಟರ್ಮಿನಲ್ ಒಳಗೆ ನಡೆದು ಹೋಗೋ ಹಾಗಿಲ್ಲ, ಗೇಟು ಎಲ್ಲೋ ದೂರದಲ್ಲಿ. ಒಂದ್ಸಲ ಕೆಳಗೆ ವ್ಯಾನ್ ನಿಲ್ಲಿಸಿ ಮೇಲೆ ಬಂದವರು ಒಬ್ಬ ವಯಸ್ಸಾದ ಪಾದ್ರಿ. ಹೆಲ್ಮೆಟ್ಟು, ಹಳದಿ ಜಾಕೆಟ್ಟು. ಗ್ಯಾಂಗ್‌ವೇ (ಹಡಗು ಹತ್ತೋ ಏಣಿ) ಹತ್ತಿರದ ಪುಸ್ತಕದಲ್ಲಿ ಸಹಿ ಹಾಕಿ ಸೀದಾ ಮೆಸ್‌ಗೆ ಬಂದು ಕೂತರು.

ನಮ್ಮ ಆಯಿಲರ್‌ನ (ಇಂಜಿನ್ ರೂಮಿನ ಕೆಲಸದ ಹುಡುಗ) ಅಪ್ಪ ತೀರಿಕೊಂಡು ಒಂಬತ್ತು ದಿನ ಆಗಿತ್ತು. ಏನು ಹೇಳಬೇಕೋ ತೋಚದೆ ನಾವೆಲ್ಲ ಅವನ ಕಣ್ಣು ತಪ್ಪಿಸಿಕೊಂಡು ಓಡಾಡ್ತಿದ್ವಿ. ಈ ಪಾದ್ರಿ, "ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?" ಅಂತ ಕೇಳಿದರು, ಅಷ್ಟೆ. ಹುಡುಗ ಮುಕ್ಕಾಲು ಗಂಟೆ ಮಾತಾಡಿದ. ಮುಂದಿದ್ದ ಟೀಯನ್ನ ಮುಟ್ಟಲೇ ಇಲ್ಲ.

ನೇರನುಡಿ:
ಇದೇ ನನ್ನ ಭಯ. ಅಂಥ ಹೊತ್ತಲ್ಲಿ ಮನುಷ್ಯ ಯಾರು ಏನು ಹೇಳಿದ್ರೂ ತಲೆಯಾಡಿಸ್ತಾನೆ.

ಹಳೇ ಕಡತ:
ಸ್ವಲ್ಪ ಇತಿಹಾಸ. ಕಥೋಲಿಕರ ಈ ನಾವಿಕ ಸೇವಾ ಸಂಸ್ಥೆ ಶುರುವಾಗಿದ್ದು 1920ರಲ್ಲಿ ಗ್ಲಾಸ್ಗೋದಲ್ಲಿ. ಪೀಟರ್ ಆನ್ಸನ್, ಆರ್ಥರ್ ಗ್ಯಾನನ್, ಬ್ರದರ್ ಡೇನಿಯಲ್ ಶೀಲ್ಡ್ಸ್ ಕಟ್ಟಿದ್ದು. ಮೂವರಲ್ಲಿ ಯಾರೂ ಪಾದ್ರಿಯಲ್ಲ (ಬ್ರದರ್ ಅಂದ್ರೆ ಮಠದ ಸಹೋದರ, ಪಾದ್ರಿಯಲ್ಲ) ಅನ್ನೋದು ನನಗೆ ಇಷ್ಟವಾದ ಸಂಗತಿ. 'ಅಪೋಸಲ್‌ಶಿಪ್ ಆಫ್ ದ ಸೀ' ಅನ್ನೋ ಆ ಸಂಸ್ಥೆಯನ್ನ ಈಗ 'ಸ್ಟೆಲ್ಲಾ ಮಾರಿಸ್' ಅಂತಾರೆ. ಸಮುದ್ರ ತಾರೆ, ಮಾತೆ ಮರಿಯಮ್ಮನವರ ಬಿರುದು. ಆಂಗ್ಲಿಕನ್ನರ, ಅಂದ್ರೆ ಇಂಗ್ಲೆಂಡ್ ಚರ್ಚಿನವರ, ನಾವಿಕ ಮಿಷನ್ 1856ರದ್ದು. 1969ರಿಂದ ಇಂಥ ಬೇರೆ ಬೇರೆ ಕ್ರೈಸ್ತ ಸಭೆಗಳವರದ್ದೆಲ್ಲ ಸೇರಿ ಒಂದು ಒಕ್ಕೂಟವೇ ಇದೆ.

ವ್ಯಾನ್ ಅಕ್ಕ:
ನಾನು ಹಡಗು ಭೇಟಿಗೆ ಹೋಗೋ ಸ್ವಯಂಸೇವಕಿ. ಜಪಮಾಲೆ ಚೀಲದಲ್ಲಿರುತ್ತೆ, ಕೇಳಿದವರಿಗೆ ಮಾತ್ರ ಕೊಡ್ತೀವಿ. ಒಮ್ಮೆ ಫಿಲಿಪ್ಪೀನ್ಸ್ ಹುಡುಗರು ಅವರಾಗೇ ಕೇಳಿ ಪಾದ್ರಿಯವರಿಂದ ಬಲಿಪೂಜೆ ಇಡಿಸಿಕೊಂಡರು. ಕೆಚಪ್ ಬಾಟಲಿ ಸರಿಸಿದ ಊಟದ ಮೇಜೇ ಬಲಿಪೀಠ.

ಮಾಲೀಕ ಹಡಗನ್ನೇ ಬಿಟ್ಟು ಓಡಿಹೋದಾಗ ಕಷ್ಟ ಬೇರೆ ಥರದ್ದು. ಕಡಲ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆದ ತಿದ್ದುಪಡಿ 2017ರಿಂದ ಜಾರಿಯಲ್ಲಿದೆ. ಎರಡು ತಿಂಗಳ ಸಂಬಳ ಕೊಡದಿದ್ರೂ ಕೈಬಿಟ್ಟ ಲೆಕ್ಕವೇ. ನಾಲ್ಕು ತಿಂಗಳವರೆಗಿನ ಬಾಕಿ, ಊಟ, ಮನೆಗೆ ಹೋಗೋ ಟಿಕೆಟ್ ಎಲ್ಲವನ್ನೂ ವಿಮೆಯವರು ಕೊಡಬೇಕು. ಆ ವಿಮೆಯ ಪ್ರಮಾಣಪತ್ರ ಹಡಗಲ್ಲೇ, ಎಲ್ಲರಿಗೂ ಕಾಣೋ ಕಡೆ ಅಂಟಿಸಿರಬೇಕು. ಎಷ್ಟೋ ಹುಡುಗರು ದಿನಾ ಅದರ ಮುಂದೆ ಓಡಾಡ್ತಾರೆ, ಏನು ಅಂತ ಗೊತ್ತಿರಲ್ಲ. ನಾವು ಬೆರಳಿಟ್ಟು ತೋರಿಸ್ತೀವಿ, ನಾವಿಕರ ಯೂನಿಯನ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೀವಿ. ಹಡಗು ತಡೆದು ನಿಲ್ಲಿಸೋ ಅಧಿಕಾರ ನಮಗಿಲ್ಲ.

ಥರ್ಡ್ ಇಂಜಿನಿಯರ್:
ಇದಕ್ಕೊಂದು ಸೇರಿಸ್ತೀನಿ. ಯೂನಿಯನ್ನವರ ಜೊತೆ ಮಾತಾಡೋದನ್ನ ಯಾರಾದ್ರೂ ನೋಡಿದ್ರೆ ಮುಂದಿನ ಕಾಂಟ್ರಾಕ್ಟ್ ಹೋಯ್ತು ಅನ್ನೋ ದಿಗಿಲು ಎಲ್ಲರಿಗೂ ಇದೆ. ಪಾದ್ರಿ ಜೊತೆ ಕೂತ್ರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ನೇರನುಡಿ:
ಸರಿ, ಇದು ನನಗೆ ಹೊಳೆದಿರಲಿಲ್ಲ. ಆದರೂ ದುಡ್ಡಿನ ಮಾತು ಹಾಗೇ ಉಳೀತು. ಬಂದರಲ್ಲಿ ನಾವಿಕರ ಕಲ್ಯಾಣ ಕೇಂದ್ರಗಳಿಗೆ ಪ್ರೋತ್ಸಾಹ ಕೊಡಬೇಕು ಅಂತ ಅದೇ ಒಪ್ಪಂದ ಸರ್ಕಾರಗಳಿಗೆ ಹೇಳುತ್ತೆ. ಹಡಗುಗಳ ಮೇಲೆ ಸುಂಕ ಹಾಕಿ ಹಣ ಹೊಂದಿಸಬಹುದು ಅಂತಲೂ ಅದರ ಮಾರ್ಗಸೂಚಿಯಲ್ಲಿದೆ. ಹಾಕಲಿ. ಆ ದುಡ್ಡಲ್ಲಿ ವ್ಯಾನನ್ನ ಬೇಕಾದ್ರೆ ಇವರೇ ಓಡಿಸಲಿ. ಅಲ್ಲಿಗೆ ನನ್ನ ಅರ್ಧ ತಕರಾರು ಮುಗೀತು.

ವ್ಯಾನ್ ಅಕ್ಕ:
ಡೀಸೆಲ್ ದುಡ್ಡು ಯಾರು ಕೊಟ್ರೂ ಬೇಡ ಅನ್ನಲ್ಲ. ಇನ್ನರ್ಧ ಏನು?

ನೇರನುಡಿ:
ಜಪಮಾಲೆ.

ವ್ಯಾನ್ ಅಕ್ಕ:
ಕೇಳಿದವರಿಗೆ ಮಾತ್ರ ಅಂದ್ನಲ್ಲಣ್ಣ.