ಕಾಕು ಮುನಿಸಿಕೊಂಡಿದ್ದು ಅರ್ಧ ಮಾತಿಗೆ

ಡೊಂಬಿವಲಿಯ ಧಾರವಾಡದವಳು:
ಪುಣೆಯಿಂದ ರೈಲಿನಲ್ಲಿ ವಾಪಸ್ ಬರುತ್ತಿದ್ದೆ. ಧಾರವಾಡದಿಂದ ಕಾಕು (ಚಿಕ್ಕಮ್ಮ) ಫೋನ್ ಮಾಡಿದರು. ಅವರ ಮಗನ ಮದುವೆಗೆ ಬರುವುದಿಲ್ಲ ಎಂದಿದ್ದ ನನ್ನ ಮೈದುನ. ಅದನ್ನೇ ಹೇಳಹೊರಟೆ: “ನಾ ಮದುವಿಗೆ ಬರೂದಿಲ್ಲ, ಅಷ್ಟು ದೂರ ಯಾರು ಬರ್ತಾರ...” ಅಷ್ಟರಲ್ಲಿ ಖಂಡಾಳಾ ಘಾಟಿನ ಸುರಂಗ. ಲೈನ್ ಕಟ್. ‘ಅಂತ ಅಂದ’ ಅನ್ನೋದು ನನ್ನ ಬಾಯಲ್ಲೇ ಉಳಿಯಿತು. ಕಾಕು ಒಂದು ವಾರ ಫೋನ್ ಎತ್ತಲಿಲ್ಲ.

ಎದುರಿಗೆ ಕೂತಿದ್ದರೆ ಹೀಗಾಗುತ್ತಿರಲಿಲ್ಲ. ಮೈದುನ ಮೂಗಿನಲ್ಲಿ ಮಾತಾಡುತ್ತಾನೆ, ಕೊನೆಯ ಅಕ್ಷರ ಎಳೆಯುತ್ತಾನೆ. ಅವನ ಮಾತು ಹೇಳುವಾಗ ನಾನೂ ಹಾಗೇ ಎಳೆಯುತ್ತೇನೆ. ಅವತ್ತು ಡಬ್ಬಿಯಲ್ಲಿ ಜನ ಜಾಸ್ತಿ. ನಾಚಿಕೆಯಾಗಿ ಸುಮ್ನೆ ನನ್ನ ದನಿಯಲ್ಲೇ ಹೇಳಿದೆ. ಎಲ್ಲರೂ ಹೀಗೆ ದನಿ ಬದಲಿಸುತ್ತಾರಾ? ಮರಾಠಿಯವರೂ?

ಕೋಥ್ರೂಡ್ ಸೊಸೆ:
ನನ್ನ ಗಂಡ ಮರಾಠಿ. ಅವರ ಮನೆಯಲ್ಲಿ ‘ತೋ ಮ್ಹಣಾಲಾ ಕೀ’ (ಅವನು ಹೇಳಿದ್ದೇನಂದರೆ) ಅಂತ ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಲೈನ್ ಹೋದರೂ ಮಾತು ಯಾರದು ಅಂತ ಗೊತ್ತಿರುತ್ತೆ. ನಮ್ಮ ‘ಅಂತ’ ಬರುವುದು ಕೊನೆಗೆ. ಅಲ್ಲಿವರೆಗೆ ಆ ‘ನಾ’ ಯಾರು ಎಂಬುದನ್ನು ದನಿಯೇ ಹೇಳಬೇಕು, ಅಲ್ವಾ? ಹಾಗಂತ ಅತ್ತೆ ನಟನೆ ಬಿಟ್ಟಿಲ್ಲ. ವಾಚ್‌ಮನ್ ಮಾತು ಹೇಳುವಾಗ ಅವರ ದನಿ ದಪ್ಪಗಾಗುತ್ತೆ, ಕೈ ಸೊಂಟಕ್ಕೆ ಹೋಗುತ್ತೆ. ನನ್ನ ಮಗಳಂತೂ ಕನ್ನಡದಲ್ಲೂ ‘ಅವನು ಹೇಳಿದ ಕಿ’ ಅನ್ನುತ್ತಾಳೆ. ಕೇಳಿದರೆ ಮೈ ಉರಿಯುತ್ತೆ. ಆದರೆ ನಿಮ್ಮ ಕಾಕು ಹತ್ತಿರ ಅವಳು ಬಚಾವ್.

ವಾಸ್ಕೋ ಮಾಸ್ತರ:
ಕೊಂಕಣಿಯ ‘ಮ್ಹಣ್’ ಕೂಡ ನಮ್ಮ ‘ಅಂತ’ದ ಹಾಗೆ ಮಾತಿನ ಹಿಂದೆ ಬರುತ್ತೆ. ಇಲ್ಲಿ ಮೀನು ಮಾರುವಾಕೆ ದಲ್ಲಾಳಿ ಹೇಳಿದ ರೇಟನ್ನು ಅವನದೇ ಗೊಗ್ಗರು ದನಿಯಲ್ಲಿ ಒಪ್ಪಿಸುತ್ತಾಳೆ. ರೇಟು ಏರಿಸಿದ ಪಾಪ ಅವನಿಗೇ ಇರಲಿ ಅಂತ! ಹರ್ಬರ್ಟ್ ಕ್ಲಾರ್ಕ್, ರಿಚರ್ಡ್ ಗೆರಿಗ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಇನ್ನೊಬ್ಬರ ಮಾತು ಹೇಳುವುದೆಂದರೆ ಅದನ್ನು ಆಡಿ ತೋರಿಸುವುದು, ಅದೂ ಬೇಕಾದಷ್ಟನ್ನು ಮಾತ್ರ ಆರಿಸಿ. ಹಾಗಾಗಿ ನಿಮ್ಮ ಮೈದುನನ ಮೂಗು ಸಾಕು, ಇಡೀ ಮೈದುನ ಬೇಕಿಲ್ಲ. ಫೋನಿನಲ್ಲಿ ಮಾತ್ರ ‘ಅವನು ಬರೋದಿಲ್ಲವಂತೆ’ ಅಂದುಬಿಡಿ. ‘ನಾ’ನೂ ಇಲ್ಲ, ಜಗಳವೂ ಇಲ್ಲ.

ಡೊಂಬಿವಲಿಯ ಧಾರವಾಡದವಳು:
ಸರಿ ಸರ್, ಆದರೆ ಹಾಗೆ ಹೇಳಿದರೆ ಆ ಮೂಗಿಗೆ ಜಾಗವೆಲ್ಲಿ? ಅಂದಹಾಗೆ ನಿನ್ನೆ ಕಾಕು ಫೋನ್ ಎತ್ತಿದರು. ಅಷ್ಟರೊಳಗೆ ನನ್ನ ಅರ್ಧ ಮಾತನ್ನು ಓಣಿಯ ಮೂರು ಮನೆಗೆ ನನ್ನದೇ ದನಿಯಲ್ಲಿ ಆಡಿ ತೋರಿಸಿದ್ದರಂತೆ.