ಮನೆಯಲ್ಲಿ ರೈಫಲ್ ತೋಟಾ ಮರುತುಂಬಲು ಆರಂಭ ಹೇಗೆ?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು, .308 ವಿಂಚೆಸ್ಟರ್ ರೈಫಲಿನಲ್ಲಿ ಒಮ್ಮೆ ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕವಚಗಳನ್ನು ಮರುತುಂಬಲು ಕಲಿಯಬೇಕೆಂದಿದ್ದೇನೆ. ಮೊದಲು ಏನು ಕೊಳ್ಳಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ರೆಸ್‌ಗಿಂತ (ತೋಟಾ ಮರುತುಂಬುವ ಒತ್ತುಯಂತ್ರ) ಮೊದಲು ಮರುತುಂಬುವಿಕೆಯ ಇತ್ತೀಚಿನ ಮುದ್ರಿತ ಕೈಪಿಡಿಯೊಂದನ್ನು ಕೊಂಡು ಪೂರ್ತಿ ಓದಿರಿ. ಬಳಿಕ ಸಿಂಗಲ್ ಸ್ಟೇಜ್ ಪ್ರೆಸ್ (ಒಮ್ಮೆಗೆ ಒಂದೇ ಹಂತದ ಕೆಲಸ ಮಾಡುವಂಥದ್ದು), ಡೈಗಳು (ಕವಚಕ್ಕೆ ಸರಿಯಾದ ಆಕಾರ ಕೊಡುವ ಅಚ್ಚುಗಳು), ನಿಖರವಾದ ತಕ್ಕಡಿ ಮತ್ತು ಉದ್ದ ಅಳೆಯಲು ಕ್ಯಾಲಿಪರ್ ಬೇಕಾಗುತ್ತವೆ. ಕೈಪಿಡಿ ಸೂಚಿಸುವ ಸಿಡಿಮದ್ದಿನ ಆರಂಭಿಕ ಪ್ರಮಾಣವನ್ನು ಮೊದಲ ದಿನವೇ ಮೀರಬೇಡಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ಏಕೆಂದರೆ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಮದ್ದುಗಳು ಉರಿಯುವ ವೇಗದಲ್ಲಿ ಬಹಳ ಭಿನ್ನವಾಗಿದ್ದು, ಅದಲುಬದಲಾದರೆ ರೈಫಲೇ ಸಿಡಿಯಬಹುದು.

ಉತ್ತರ 2: .308ರ ಹಿತ್ತಾಳೆ ಕವಚದ ಉದ್ದ 2.015 ಇಂಚು ಮೀರಿದರೆ ಕತ್ತರಿಸಲೇಬೇಕು. ಊರಿನ ಗೆಳೆಯರು ಗಮನಿಸಿ: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ.