ಅಪ್‌ಡೇಟ್: ಸುಲು ಸಿಕ್ಕರು, ನನ್ನ ಬಾಯಿ ಕಟ್ಟಿತು

ಲಾಸ್ ವೇಗಸ್‌ನ ಸ್ಟಾರ್ ಟ್ರೆಕ್ (ಅಮೆರಿಕದ ಬಾಹ್ಯಾಕಾಶ ಧಾರಾವಾಹಿ) ಅಭಿಮಾನಿಗಳ ಸಮಾವೇಶದಲ್ಲಿ, ಅದರಲ್ಲಿ ಸುಲು ಪಾತ್ರ ಮಾಡಿದ ಜಾರ್ಜ್ ಟಕೇ ಅವರ ಜೊತೆ ಫೋಟೋಗೆ ದುಡ್ಡು ಕಟ್ಟಲೋ, ಆಟೋಗ್ರಾಫ್‌ಗೋ ಅಂತ ಕೇಳಿದ್ದೆನಲ್ಲ? ಆಸೆ ತಡೆಯದೆ ಎರಡಕ್ಕೂ ಕಟ್ಟಿದೆ. ಆಟೋಗ್ರಾಫೇ ಸರಿ ಅಂದವರೇ ಗೆದ್ದಿರಿ.

ಫೋಟೋ ಅಂದರೆ ನಿಂತೆ, ಫ್ಲ್ಯಾಶ್ ಬಿತ್ತು, ಆಚೆ ಸಾಗಹಾಕಿದರು, ಅಷ್ಟೇ. ಸಹಿ ಹಾಕುವ ಮೇಜಿನ ಹತ್ತಿರ ಅರ್ಧ ನಿಮಿಷವಾದರೂ ಸಿಕ್ಕಿತು. 1966ರ ‘ದಿ ನೇಕೆಡ್ ಟೈಮ್’ ಕಂತಿನಲ್ಲಿ ಸುಲು ಬರಿಮೈಯಲ್ಲಿ ಕತ್ತಿ ಹಿಡಿದು ಓಡಾಡ್ತಾನಲ್ಲ, ಆ ಚಿತ್ರ ಒಯ್ದಿದ್ದೆ. ನೋಡಿ ನಕ್ಕರು. ಅಬ್ಬಾ, ಆ ದನಿ! ಎದೆಯೊಳಗೆ ಯಾರೋ ನಗಾರಿ ಬಾರಿಸಿದ ಹಾಗೆ.

1942ರಲ್ಲಿ, ಐದು ವರ್ಷದ ಹುಡುಗನಾಗಿ, ಯುದ್ಧಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಅರ್ಕನ್ಸಾದ ರೋವರ್ ಶಿಬಿರದಲ್ಲಿ ಅವರು ಬಂಧಿಯಾಗಿದ್ದ ದಿನಗಳ ಬಗ್ಗೆ ಕೇಳಬೇಕು ಅಂತಿದ್ದೆ. ಹಿಂದೆ ಅಷ್ಟು ದೊಡ್ಡ ಸಾಲು, ಅದನ್ನು ಎತ್ತುವ ಜಾಗ ಅದಲ್ಲ ಅನ್ನಿಸಿತು. 80ರ ದಶಕದಲ್ಲಿ ಪಕ್ಕದ ಮನೆಯ ಜಗಲಿಯಲ್ಲಿ ಕೂತು ದೂರದರ್ಶನದಲ್ಲಿ ನೋಡ್ತಿದ್ವಿ ಅಂತ ಮಾತ್ರ ತೊದಲಿದೆ. ತಲೆಯಾಡಿಸಿ ಕೇಳಿಸಿಕೊಂಡರು.

ಹೆಸರಿನ ಸ್ಪೆಲ್ಲಿಂಗ್ ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಂದವರಿಗೆ ವಿಶೇಷ ಥ್ಯಾಂಕ್ಸ್, ಒಂದಕ್ಷರ ತಪ್ಪಿಲ್ಲ. ಆದರೆ ಬೆಳ್ಳಿ ಮಾರ್ಕರ್ ಒಣಗೋ ಮುಂಚೆ ಕವರಿಗೆ ತುರುಕಿಬಿಟ್ಟೆ. ಈಗ ಸುಲುವಿನ ಕತ್ತಿ ತುದಿಗೆ ನನ್ನ ಹೆಬ್ಬೆಟ್ಟಿನ ಗುರುತು.